ಗೆರಟೆಯೊಳಗಿನ ಕಣ್ಣು

ನಮ್ಮ ಕೊಯಿಲದ ಮನೆಯ ಚಾವಡಿಯಲ್ಲಿ ಇಪ್ಪತ್ತು ವರ್ಷಗಳಿಂದ ಒಂದಲ್ಲ ಒಂದು ಮೀನಿನ ಟ್ಯಾಂಕ್ ಇದೆ. ಗಪ್ಪಿ, ಏಂಜೆಲ್, ಒಮ್ಮೆ ತೋಡಿನಿಂದಲೇ ಹಿಡಿದು ತಂದ ಸಣ್ಣ ಮೀನುಗಳು. ಅಕ್ಕನ ಮಗನಿಗೆ ಇದರ ಹುಚ್ಚು ಹತ್ತಿದ್ದು ಇಲ್ಲಿಂದಲೇ. ಮಂಗಳೂರಿನ ಫ್ಲ್ಯಾಟಿನಲ್ಲಿದ್ದ ಅವನಿಗೆ ಬೆಂಗಳೂರಿಗೆ ವರ್ಗವಾದಾಗ ಮೊದಲು ಫೋನ್ ಬಂದದ್ದು ನನಗೆ. "ಮಾವಾ, ನನ್ನ ಟ್ಯಾಂಕ್ ಎರಡು ತಿಂಗಳು ನಿಮ್ಮಲ್ಲಿ ಇಟ್ಟುಕೊಳ್ತೀರಾ? ಅದರಲ್ಲಿ ಒಂದು ಆಕ್ಟೋಪಸ್ ಉಂಟು" ಎಂದ. ಆಗಲಿ ಎಂದುಬಿಟ್ಟೆ. ಆ ಒಂದು ಮಾತಿನ ಭಾರ ಇವತ್ತಿಗೂ ಇಳಿದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೇ ತಿಂಗಳ ಎರಡನೇ ವಾರ ಪಿಕಪ್‌ನಲ್ಲಿ 200 ಲೀಟರಿನ ಟ್ಯಾಂಕ್, ಸುರತ್ಕಲ್ ಕಡೆಯಿಂದ ತುಂಬಿಸಿದ ಸಮುದ್ರದ ನೀರಿನ ಕ್ಯಾನುಗಳು, ಒಂದು ಥರ್ಮಾಕೋಲ್ ಪೆಟ್ಟಿಗೆ ಬಂದವು. ಪೆಟ್ಟಿಗೆಯೊಳಗೆ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲ, ಚೀಲದ ಮೂಲೆಗೆ ಒತ್ತಿಕೊಂಡ ಒಂದು ಕಂದು ಮುದ್ದೆ. ತಲೆ ಒಂದು ಹಣ್ಣಡಿಕೆಗಿಂತ ತುಸು ದೊಡ್ಡದು. ಟ್ಯಾಂಕಿಗೆ ಬಿಟ್ಟ ತಕ್ಷಣ ಬಿಳಿಚಿತು, ಮರಳಿನ ಮೇಲೆ ಕೂತು ಮರಳಿನ ಬಣ್ಣವಾಯಿತು. ಆಮೇಲೆ ಎಷ್ಟು ಹುಡುಕಿದರೂ ಕಾಣದು. ಕೊನೆಗೆ ನನ್ನ ಹೆಂಡತಿ ಅಲ್ಲಿ ನೋಡಿ ಎಂದಳು. ಮರಳಿನಲ್ಲಿ ಒಂದು ಕಣ್ಣು ಮಾತ್ರ ನಮ್ಮನ್ನು ನೋಡುತ್ತಿತ್ತು.

ಅಡಗಲು ಜಾಗ ಬೇಕೆಂದು ತೆಂಗಿನಕಾಯಿಯ ಎರಡು ಗೆರಟೆಗಳನ್ನು ಚೆನ್ನಾಗಿ ಉಜ್ಜಿ, ಕುದಿಸಿ ಒಳಗೆ ಹಾಕಿದೆ. ರಾತ್ರಿಯಿಡೀ ಅದು ಎಂತ ಮಾಡಿತೋ, ಬೆಳಿಗ್ಗೆ ನೋಡುವಾಗ ಒಂದು ಗೆರಟೆಯೊಳಗೆ ಕೂತು ಇನ್ನೊಂದನ್ನು ಬಾಗಿಲಿನ ಹಾಗೆ ಮೇಲೆ ಎಳೆದುಕೊಂಡಿತ್ತು. ಇಂಡೊನೇಷ್ಯಾದ ಸಮುದ್ರದಲ್ಲಿ ಆಕ್ಟೋಪಸ್‌ಗಳು ಹೀಗೆ ಗೆರಟೆ ಹೊತ್ತುಕೊಂಡು ಹೋಗಿ, ಬೇಕಾದಲ್ಲಿ ಜೋಡಿಸಿ ಮನೆ ಮಾಡಿಕೊಳ್ಳುವುದನ್ನು ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ್ದರು. ಬೆನ್ನುಮೂಳೆ ಇಲ್ಲದ ಪ್ರಾಣಿ ಉಪಕರಣ ಬಳಸುತ್ತದೆಂದು ಆಗ ದೊಡ್ಡ ಸುದ್ದಿಯಾಗಿತ್ತು. ಅದೇ ಜಾತಿ ಭಾರತದ ಕರಾವಳಿಯಲ್ಲೂ ಇದೆ. ನಮ್ಮ ಟ್ಯಾಂಕಿನಲ್ಲಿದ್ದದ್ದು ಅದೇ ಹೌದೋ ಅಲ್ಲವೋ ನಾನು ಹೇಳಲಾರೆ. ಗೆರಟೆಯ ಉಪಯೋಗವಂತೂ ಅದಕ್ಕೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಊಟಕ್ಕೆ ಅಡಿಕೆ ತೋಟದ ಕಣಿಯ ಏಡಿ. ಸಿಹಿನೀರಿನ ಏಡಿಗೆ ಆ ಉಪ್ಪುನೀರಿನಲ್ಲಿ ಹೆಚ್ಚು ಹೊತ್ತು ಸಿಗುತ್ತಿರಲಿಲ್ಲ. ಗೆರಟೆಯ ಬಾಗಿಲು ಒಂದು ಬೆರಳಿನಷ್ಟು ಸರಿಯುತ್ತಿತ್ತು, ಒಂದು ತೋಳು ಬಂದು ಏಡಿಯನ್ನು ಮುಟ್ಟಿ ನೋಡುತ್ತಿತ್ತು. ಮರುಕ್ಷಣ ಇಡೀ ಮೈ ಕೊಡೆಯ ಹಾಗೆ ಬಿಚ್ಚಿ ಏಡಿಯ ಮೇಲೆ ಬೀಳುತ್ತಿತ್ತು. ಬೆಳಿಗ್ಗೆ ಗೆರಟೆಯ ಬಾಗಿಲಲ್ಲಿ ಖಾಲಿ ಚಿಪ್ಪುಗಳು ಒಂದರ ಮೇಲೊಂದು ರಾಶಿಯಾಗಿರುತ್ತಿದ್ದವು. ಸಮುದ್ರದಲ್ಲೂ ಆಕ್ಟೋಪಸ್‌ನ ಮನೆ ಗುರುತಿಸುವುದು ಈ ರಾಶಿಯಿಂದಲೇ.

ನಾಲ್ಕನೇ ದಿನಕ್ಕೆ ಅದಕ್ಕೆ ನನ್ನ ಗುರುತು ಸಿಕ್ಕಿತು. ಏಡಿ ಹಾಕುವವನು ನಾನು, ಗಾಜು ಒರೆಸುವವಳು ಹೆಂಡತಿ. ನಾನು ಹೋದರೆ ಗಾಜಿನ ಹತ್ತಿರ ಬರುತ್ತಿತ್ತು, ಅವಳು ಬಟ್ಟೆ ಹಿಡಿದು ಹೋದರೆ ಬಾಗಿಲು ಎಳೆದುಕೊಳ್ಳುತ್ತಿತ್ತು. ನನಗಿದು ಭ್ರಮೆ ಇರಬೇಕು ಅನಿಸಿತ್ತು. ಆದರೆ ಅಮೆರಿಕದ ಸಿಯಾಟಲ್ ಅಕ್ವೇರಿಯಂನಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಒಬ್ಬರು ದಿನಾ ಆಹಾರ ಕೊಡುವುದು, ಅದೇ ಸಮವಸ್ತ್ರದ ಇನ್ನೊಬ್ಬರು ಬಿರುಸು ಕೋಲಿನಿಂದ ಮುಟ್ಟುವುದು. ಕೆಲವೇ ದಿನಗಳಲ್ಲಿ ಆಕ್ಟೋಪಸ್‌ಗಳು ಇಬ್ಬರನ್ನೂ ಬೇರೆಬೇರೆಯಾಗಿ ಗುರುತಿಸಿದವು ಎಂದು 2010ರಲ್ಲಿ ವರದಿಯಾಯಿತು. ಆಕ್ಟೋಪಸ್‌ನ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೇ ಎರಡು ಪಾಲು ತೋಳುಗಳಲ್ಲೇ ಇವೆ. ಅದು ಕೈಯಿಂದಲೇ ಯೋಚಿಸುತ್ತದೆ ಎಂದರೂ ನಡೆದೀತು.

ಆದರೆ ಗುರುತು ಹಿಡಿಯುವ ಪ್ರಾಣಿ ಎಂದ ಮಾತ್ರಕ್ಕೆ ಅದು ಸಾಕುಪ್ರಾಣಿ ಆಗುವುದಿಲ್ಲ. ಇದು ನನಗೆ ಗೊತ್ತಾದದ್ದು ರಾತ್ರಿಗಳಲ್ಲಿ. ದೀಪ ಆರಿಸಿ ಅರ್ಧ ಗಂಟೆಯಾದರೆ ಅದು ಮೇಲೆ ಬಂದು ಮುಚ್ಚಳದ ಅಂಚನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ತಡವುತ್ತಿತ್ತು. ಪೈಪು ಒಳಹೋಗುವ ತೂತಿನ ಹತ್ತಿರ ಬಹಳ ಹೊತ್ತು ನಿಲ್ಲುತ್ತಿತ್ತು. ಮೈಯಲ್ಲಿ ಎಲುಬಿಲ್ಲ, ಗಟ್ಟಿಯಾದದ್ದೆಂದರೆ ಗಿಳಿಯ ಕೊಕ್ಕಿನಂಥ ಬಾಯಿ ಮಾತ್ರ. ಅದು ತೂರಿದರೆ ಇಡೀ ಮೈ ತೂರಿದ ಹಾಗೆ. ನ್ಯೂಜಿಲೆಂಡಿನ ನೇಪಿಯರ್ ಅಕ್ವೇರಿಯಂನಲ್ಲಿದ್ದ ಇಂಕಿ ಎಂಬ ಆಕ್ಟೋಪಸ್ ಟ್ಯಾಂಕಿನಿಂದ ಇಳಿದು, ನೆಲದ ಮೇಲೆ ತೆವಳಿ, ಸುಮಾರು 50 ಮೀಟರ್ ಉದ್ದದ ಚರಂಡಿ ಪೈಪಿನ ಮೂಲಕ ಸಮುದ್ರ ಸೇರಿದ ಸುದ್ದಿ 2016ರಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ನಾನು ಮುಚ್ಚಳದ ಮೇಲೆ ಅರೆಯುವ ಕಲ್ಲಿನ ಗುಂಡನ್ನು ಇಟ್ಟೆ. ನಮ್ಮ ಚಾವಡಿಯಿಂದ ಸಮುದ್ರಕ್ಕೆ ಸುಮಾರು 60 ಕಿಲೋಮೀಟರ್. ಅದಕ್ಕೇನು ಗೊತ್ತು?

ನಮ್ಮ ಊರು ದನಕರುಗಳ ಊರು. ಕೊಯಿಲದ ಪಶುಸಂಗೋಪನಾ ಕ್ಷೇತ್ರವನ್ನು ಈ ಕಡೆ ಕೇಳದವರಿಲ್ಲ. ಮನೆಮನೆಯ ಹಟ್ಟಿಯಲ್ಲಿ ಮಲೆನಾಡು ಗಿಡ್ಡ ಇದ್ದ ಕಾಲವನ್ನು ನಾನು ಕಂಡಿದ್ದೇನೆ. ಬೆಳಿಗ್ಗೆ ಹಗ್ಗ ಬಿಚ್ಚಿದರೆ ಗುಡ್ಡೆಗೆ ಹೋಗಿ ಮೇಯ್ದು, ಹೊತ್ತು ಕಂತುವಾಗ ಯಾರೂ ಕರೆಯದೆ ಹಟ್ಟಿಗೆ ಬರುವ ದನ ಅದು. ನಾಯಿಯೂ ಹಾಗೆ, ಬೆಕ್ಕೂ ಹಾಗೆ. ಸಾಕುವುದು ಎಂಬ ಮಾತಿಗೆ ನನಗೆ ಗೊತ್ತಿರುವ ಅರ್ಥ ಇಷ್ಟು: ಬಾಗಿಲು ತೆರೆದಿಟ್ಟರೂ ಅದು ತಿರುಗಿ ಬರಬೇಕು. ಗಪ್ಪಿ ತಿರುಗಿ ಬರುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲ. ಆದರೆ ನೂರು ತಲೆಮಾರು ಟ್ಯಾಂಕಿನಲ್ಲೇ ಹುಟ್ಟಿ, ಟ್ಯಾಂಕಿನಲ್ಲೇ ಮರಿ ಹಾಕುವ ಗಪ್ಪಿ ಪ್ರತಿರಾತ್ರಿ ಮುಚ್ಚಳದ ಅಂಚು ಹುಡುಕುವುದನ್ನು ನಾನು ಇಪ್ಪತ್ತು ವರ್ಷಗಳಲ್ಲಿ ನೋಡಿಲ್ಲ. ಮಾರುಕಟ್ಟೆಗೆ ಬರುವ ಆಕ್ಟೋಪಸ್ ಹೆಚ್ಚುಕಡಿಮೆ ಎಲ್ಲವೂ ಸಮುದ್ರದಲ್ಲಿ ಹಿಡಿದದ್ದೇ. ಹೆಚ್ಚಿನ ಜಾತಿಗಳ ಮರಿಗಳು ಅಕ್ಕಿಕಾಳಿನಷ್ಟಿದ್ದು ವಾರಗಟ್ಟಲೆ ತೆರೆದ ಸಮುದ್ರದಲ್ಲಿ ತೇಲುತ್ತವೆ. ಅವುಗಳನ್ನು ಮನೆಯಲ್ಲಿ ಬೆಳೆಸಲು ಆಗುವ ಮಾತಲ್ಲ.

ಇನ್ನು ಆಯುಸ್ಸು. ಸಣ್ಣ ಆಕ್ಟೋಪಸ್ ಬದುಕುವುದು ಹೆಚ್ಚೆಂದರೆ ಒಂದೆರಡು ವರ್ಷ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಊಟ ಬಿಡುತ್ತದೆ, ಮೊಟ್ಟೆಗಳಿಗೆ ನೀರು ಬೀಸುತ್ತ ಕಾವಲು ಕೂರುತ್ತದೆ, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ಅಂಗಡಿಯವನಿಗೆ ತಾನು ಮಾರುವ ಜೀವದ ವಯಸ್ಸು ಗೊತ್ತಿರುವುದಿಲ್ಲ. ಕೊಂಡವರು ಮನೆಗೆ ತರುವುದು ಎಷ್ಟೋ ಸಲ ಅದರ ಕೊನೆಯ ತಿಂಗಳುಗಳನ್ನು.

ನಮ್ಮಲ್ಲಿ ಅದಕ್ಕೆ ಅಷ್ಟೂ ಸಿಗಲಿಲ್ಲ. ಜೂನ್ ಮೊದಲ ವಾರ ಅಡಿಕೆಗೆ ಮದ್ದು ಬಿಡುವ ಕೆಲಸ. ಈ ಕಡೆಯವರಿಗೆ ವಿವರಿಸಬೇಕಿಲ್ಲ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಂಗಳದಲ್ಲಿ ಡ್ರಮ್ಮು, ಬಕೆಟ್ಟು, ಎಲ್ಲರ ಬೆರಳೂ ನೀಲಿ. ಸಂಜೆ ಟ್ಯಾಂಕಿನ ನೀರು ಕಡಿಮೆಯಾಗಿದೆಯೆಂದು ನಾನು ಒಂದು ಬಕೆಟ್ ಬಾವಿನೀರು ಸೇರಿಸಿದೆ. ಬಕೆಟ್ಟನ್ನು ಮೂರು ಸಲ ತೊಳೆದಿದ್ದೆ. ಬೆಳಿಗ್ಗೆ ಮೈಲುತುತ್ತು ಕರಗಿಸಿದ ಬಕೆಟ್ ಅದು ಎಂಬುದು ನನಗೆ ಗೊತ್ತಿತ್ತು. ತೊಳೆದರೆ ಸಾಕೆಂದುಕೊಂಡೆ.

ಮೈಲುತುತ್ತು ತಾಮ್ರದ ಲವಣ; ನೀರಿನಲ್ಲಿ ಕರಗಿದ ತಾಮ್ರ ಲವಲೇಶವಿದ್ದರೂ ಆಕ್ಟೋಪಸ್‌ಗೆ ವಿಷ. ಅದರ ರಕ್ತ ನೀಲಿ. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅದರಲ್ಲಿ ತಾಮ್ರ ಮಾಡುತ್ತದೆ, ಹೀಮೋಸಯಾನಿನ್ ಎಂಬ ವಸ್ತುವಿನ ರೂಪದಲ್ಲಿ. ಮೂರು ಹೃದಯಗಳು ಆ ನೀಲಿ ರಕ್ತವನ್ನು ತಳ್ಳುತ್ತವೆ. ಉಸಿರು ಕೊಡುವ ಲೋಹವೇ ಹೊರಗಿನಿಂದ ಬಂದರೆ ಕೊಲ್ಲುತ್ತದೆ. ರಾತ್ರಿ ಒಂಬತ್ತಕ್ಕೆ ಅದು ಗೆರಟೆಯಿಂದ ಹೊರಗೆ ಬಂದು ಬಿದ್ದಿತ್ತು. ಮೈ ಕಾಗದದ ಬಿಳಿ. ಉಸಿರು ದಡದಡ. ನೀರು ಬದಲಿಸಲು ಕ್ಯಾನಿನಲ್ಲಿ ಉಳಿದದ್ದು ಹತ್ತು ಲೀಟರು ಮಾತ್ರ. ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದೆ. ಹೊರಗೆ ಸುರಿಯುತ್ತಿದ್ದ ಮಳೆಯಲ್ಲೂ ಅವರು ಬಂದರು, ಟ್ಯಾಂಕಿನ ಮುಂದೆ ಕೂತು ನೋಡಿದರು, "ಇದಕ್ಕೆ ನನ್ನಲ್ಲಿ ಮದ್ದಿಲ್ಲ" ಎಂದರು. ನಾನು ಕೈ ಹಾಕಿದಾಗ ಒಂದು ತೋಳು ಬೆರಳಿಗೆ ಸುತ್ತಿಕೊಂಡಿತು. ಹೀರುಬಟ್ಟಲುಗಳು ಒಂದೊಂದಾಗಿ ಬಿಟ್ಟವು. ಆ ಬೆರಳಲ್ಲೂ ಮೈಲುತುತ್ತಿನ ನೀಲಿ ಇತ್ತು. ಬಂದು 23 ದಿನವಾಗಿತ್ತು.

ಇದನ್ನು ಹೇಳಿಕೊಂಡಾಗ ಗೆಳೆಯನೊಬ್ಬ ಕೇಳಿದ: "ಮಲ್ಪೆಯಲ್ಲಿ, ಮಂಗಳೂರಲ್ಲಿ ಟ್ರಾಲ್ ಬೋಟಿನವರು ಆಕ್ಟೋಪಸ್ ತಂದು ವಿದೇಶಕ್ಕೆ ಕಳಿಸುತ್ತಾರೆ. ನೀನೂ ಅದರ ಬಳಗದ ಬೊಂಡಾಸ ತಿನ್ನುತ್ತಿ. ಒಂದು ಸತ್ತದ್ದಕ್ಕೆ ಇಷ್ಟು ಯಾಕೆ?" ಪ್ರಶ್ನೆ ಸರಿಯಾದದ್ದೇ. ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಹಡಗುಗಳು ಸಾಮಾನು ಹೊತ್ತು ಹೋಗುವ ಲಕ್ಷದ್ವೀಪದಲ್ಲಿ, ನೀರು ಇಳಿದಾಗ ಜನ ಬಂಡೆಗಳ ಮೇಲೆ ನಡೆದು ಆಕ್ಟೋಪಸ್ ಹಿಡಿಯುತ್ತಾರೆ. ಅಪ್ಪಲ್ ಎಂದು ಅದರ ಹೆಸರು. ಹಿಡಿದವರ ಮನೆಯಲ್ಲಿ ಅದು ಅಡುಗೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಹಿಡಿಯುವ ಗಳಿಗೆಯವರೆಗೆ ಆ ಪ್ರಾಣಿ ತನ್ನ ಸಮುದ್ರದಲ್ಲಿ ತನ್ನ ಹಾಗೆ ಬದುಕಿತ್ತು. ಹಸಿವಿಗೆ ಕೊಲ್ಲುವುದು ಬೇರೆ, ನೋಡಿ ಖುಷಿಪಡಲಿಕ್ಕೆ ತಿಂಗಳುಗಟ್ಟಲೆ ಕೂಡಿಹಾಕುವುದು ಬೇರೆ. ಎರಡನೆಯದಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ. ಅದರಲ್ಲೂ ನೋವು ಗೊತ್ತಾಗುವ, ನೋವಾದ ಜಾಗವನ್ನು ನೆನಪಿಟ್ಟು ದೂರ ಇರುವ ಪ್ರಾಣಿ ಇದೆಂದು 2021ರ ಒಂದು ಪ್ರಯೋಗ ತೋರಿಸಿಕೊಟ್ಟ ಮೇಲೆ.

ಕಾನೂನಿನ ಮಾತಿಗೆ ಬರೋಣ. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಬೇರೆ ಯಾವ ಜೀವಿಯೂ ಪ್ರಾಣಿಯೇ. ಬೆನ್ನುಮೂಳೆ ಇರಲೇಬೇಕೆಂದು ಅದು ಹೇಳುವುದಿಲ್ಲ. ಸರಿಯಾಗಿ ಮೈ ಆಡಿಸಲು ಎಡೆಯಿಲ್ಲದ ಪಂಜರದಲ್ಲೋ ಪಾತ್ರೆಯಲ್ಲೋ ಕೂಡಿಹಾಕುವುದು ಅಪರಾಧ ಎಂದು 11ನೇ ಸೆಕ್ಷನ್ನಿನಲ್ಲಿದೆ. ಬ್ರಿಟನ್ 2022ರಲ್ಲಿ ಮಾತ್ರ ಆಕ್ಟೋಪಸ್, ಏಡಿಗಳನ್ನು ನೋವು ಅರಿಯುವ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ನಮ್ಮ ಕಾಯ್ದೆಯ ಬಾಗಿಲು ಅದಕ್ಕಿಂತ ಅರವತ್ತು ವರ್ಷ ಮೊದಲೇ ತೆರೆದಿತ್ತು. ಆದರೆ ಒಳಗೆ ಅಕ್ವೇರಿಯಂ ಪ್ರಾಣಿಗಳಿಗೆಂದೇ ಮಾಡಿದ ನಿಯಮಗಳಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆ ನಿಯಮಗಳನ್ನು ತಂದಿತು, ವ್ಯಾಪಾರಸ್ಥರ ವಿರೋಧ ಬಂತು, ಕೆಲವೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಗಪ್ಪಿ ಮಾರಿ ಬದುಕುವ ಸಣ್ಣ ಅಂಗಡಿಯವರ ಕಷ್ಟ ನನಗೆ ಅರ್ಥವಾಗುತ್ತದೆ, ಅವರನ್ನು ಹಿಂಡಬೇಕೆಂದು ನಾನು ಹೇಳುತ್ತಿಲ್ಲ. ನಾನು ಕೇಳುವುದು ಒಂದೇ ಸಾಲಿನ ನಿಯಮ: ಆಕ್ಟೋಪಸ್ಸನ್ನು ಮನೆಯಲ್ಲಿ ಸಾಕುವುದಕ್ಕಾಗಿ ಮಾರಬಾರದು. ಸಂಶೋಧನೆ ಮಾಡುವವರಿಗೆ, ಸಾರ್ವಜನಿಕ ಅಕ್ವೇರಿಯಂಗಳಿಗೆ ಬೇರೆ ಅನುಮತಿ ಇರಲಿ. ಭಾರತದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ನಮ್ಮ ಮಂಗಳೂರಿನಲ್ಲೇ. ನಿಯಮ ಹೇಗಿರಬೇಕು ಎಂದು ಹೇಳಬಲ್ಲ ತಿಳಿದವರು ಈ ಜಿಲ್ಲೆಯಲ್ಲೇ ಇದ್ದಾರೆ.

ಸಾಕಿದರೆ ಮಕ್ಕಳು ಕಲಿಯುತ್ತಾರೆ ಎಂಬ ಮಾತೂ ಉಂಟು. ಟ್ಯಾಂಕ್ ಕಳಿಸಿದ ಆ ಸೋದರಳಿಯನ ಮಗಳಿಗೆ ಎಂಟು ವರ್ಷ. ಆಕ್ಟೋಪಸ್ ಸತ್ತ ದಿನ ಅವಳು ಫೋನಿನಲ್ಲಿ ಕೇಳಿದ್ದು, ಅದನ್ನು ಸಮುದ್ರಕ್ಕೆ ಬಿಟ್ಟಿರಾ ಅಜ್ಜ ಎಂದು. ಇಲ್ಲ ಮಗಾ, ತೆಂಗಿನ ಬುಡದಲ್ಲಿ ಹೂತೆ ಎಂದೆ.

ಜನವರಿಯಲ್ಲಿ ಅವರು ಊರಿಗೆ ಬಂದಾಗ ಎಲ್ಲರೂ ಸೋಮೇಶ್ವರದ ಕಡಲತೀರಕ್ಕೆ ಹೋದೆವು. ಇಳಿತದ ಹೊತ್ತು ನೋಡಿಕೊಂಡೇ ಹೋದದ್ದು. ದೇವಸ್ಥಾನದ ಕೆಳಗಿನ ಬಂಡೆಗಳ ನಡುವೆ ನೀರು ನಿಂತ ಗುಂಡಿಗಳಲ್ಲಿ ಸಣ್ಣ ಮೀನು, ಕಡಲ ಬಸವನಹುಳು, ಓಡುವ ಏಡಿಗಳು. ಒಂದು ಬಿರುಕಿನ ಬಾಯಲ್ಲಿ ಏಡಿ ಚಿಪ್ಪುಗಳು ಒಂದರ ಮೇಲೊಂದು ಬಿದ್ದಿದ್ದವು. ಅಳಿಯ ನನ್ನ ಮುಖ ನೋಡಿದ. ಮಗು ಕೋಲು ಹುಡುಕಲು ಹೊರಟಾಗ ಬೇಡ, ಇಲ್ಲಿ ಕೂತುಕೋ ಎಂದ. ಮೂವರೂ ನೆರಳು ಬೀಳದ ಹಾಗೆ ಆಚೆ ಬದಿಯ ಬಂಡೆಯಲ್ಲಿ ಕೂತೆವು. ಒಂದೂವರೆ ಗಂಟೆ ಕೂತರೂ ಏನೂ ಹೊರಗೆ ಬರಲಿಲ್ಲ. ಒಮ್ಮೆ ಮಾತ್ರ ಬಿರುಕಿನೊಳಗೆ ಏನೋ ಸರಿದ ಹಾಗಾಯಿತು, ಒಂದು ಚಿಪ್ಪು ಜಾರಿ ಕೆಳಗೆ ಬಿತ್ತು. "ಅಜ್ಜ, ಅದು ನಮ್ಮನ್ನು ನೋಡ್ತಾ ಉಂಟು" ಎಂದು ಮಗು ಪಿಸುಗುಟ್ಟಿದಳು. ನೀರು ಏರತೊಡಗಿದ ಮೇಲೆ ಎದ್ದು ಬಂದೆವು.