‘ನಾವಾಡುವ ನುಡಿ’ಯ ಆ ‘ನಾವು’ ಯಾರು?

ರಾಜ್ಯೋತ್ಸವದ ಮೈಕು ಎಲ್ಲೇ ಕಟ್ಟಿದರೂ ‘ನಾವಾಡುವ ನುಡಿಯೇ’ ಕೇಳಿಸದೆ ಇರಲ್ಲ. ಚಿ. ಉದಯಶಂಕರ್ ಸಾಹಿತ್ಯ, ರಾಜನ್–ನಾಗೇಂದ್ರ ಸಂಗೀತ, ಪಿ.ಬಿ. ಶ್ರೀನಿವಾಸ್ ದನಿ. ನಮ್ಮ ತಲೆಮಾರಿಗೆ ಅದು ಅಪ್ಪಟ ಭಾಷಾಭಿಮಾನದ ಹಾಡು. ಆದರೆ ಅದು ಬಂದ ‘ಗಂಧದ ಗುಡಿ’ಯ ವರ್ಷ ನೋಡಿ: 1973.

ಆ ವರ್ಷ ನವೆಂಬರ್ 1ರಂದು ಮೈಸೂರು ರಾಜ್ಯ ‘ಕರ್ನಾಟಕ’ವಾಯಿತು. ಅದೇ ವರ್ಷ ಹುಲಿ ಯೋಜನೆ ಶುರುವಾಗಿ, ಬಂಡೀಪುರ ಅದರ ಮೊದಲ ಪಟ್ಟಿಗೆ ಸೇರಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು ಅದರ ಹಿಂದಿನ ವರ್ಷ. ಚಿತ್ರದಲ್ಲಿ ರಾಜ್‌ಕುಮಾರ್ ಅರಣ್ಯಾಧಿಕಾರಿ. ಅಂದರೆ ನಾಡಿಗೆ ಹೊಸ ಹೆಸರು, ಕಾಡಿಗೆ ಹೊಸ ಕಾನೂನು ಬರ್ತಿದ್ದ ಹೊತ್ತಿನಲ್ಲಿ, ನುಡಿಯನ್ನೂ ಕಾಡನ್ನೂ ಒಟ್ಟಿಗೆ ‘ನಮ್ಮದು’ ಎಂದ ಹಾಡು ಅದು. ಕಳ್ಳಸಾಗಣೆ, ಕಳ್ಳಬೇಟೆ ನಿಜವಾದ ಅಪಾಯಗಳಾಗಿದ್ದ ಕಾಲದಲ್ಲಿ ಆ ಮಾತಿಗೆ ತೂಕವಿತ್ತು.

ಈಗ ಅದೇ ಹಾಡನ್ನ ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆಯಲ್ಲಿ ನಿಂತು ಕೇಳಿ. ಅಂತರಸಂತೆ ಒಂದು ಹೋಬಳಿ; ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯದ ಹೆಸರೂ ಹೌದು. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು, ಕಾಡು ಎರಡೂ ಮುಳುಗಿದವು. ಉಳಿದ ಕಾಡಿನೊಳಗಿದ್ದ ಜೇನುಕುರುಬರ ಎಷ್ಟೋ ಕುಟುಂಬಗಳನ್ನು 70ರ ದಶಕದಿಂದಾಚೆಗೆ ಹೊರಗೆ ಕಳಿಸಲಾಯಿತು. ಎಷ್ಟೋ ಜನ ಕಾಡಂಚಿನ ಹಾಡಿಗಳಲ್ಲಿದ್ದು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗ್ತಾರೆ. ಸಫಾರಿ ಜೀಪು ಮಾತ್ರ ದಿನಾ ಒಳಗೆ ಹೋಗಿ ಬರ್ತಿತ್ತು.

ಇಲ್ಲಿ ಹಾಡಿನ ಎರಡೂ ಹೆಮ್ಮೆಗಳು ತೊಡಕಾಗುತ್ತವೆ. ಜೇನುಕುರುಬರ ಮನೆಮಾತು ನಮ್ಮ ಶಾಲೆಯ ಕನ್ನಡ ಅಲ್ಲ. ಅವರು ಹುಟ್ಟಿ ಬೆಳೆದ ಕಾಡು ಕಾಗದದಲ್ಲಿ ಅವರದ್ದಲ್ಲ. ಹಾಗಾದರೆ ಆ ‘ನಾವು’ ಒಳಗೆ ಅವರಿದ್ದಾರಾ?

ಕಾಡು ಉಳಿಸಬೇಕಾದರೆ ಜನ ಹೊರಗಿರಲೇಬೇಕು ಅನ್ನೋರಿದ್ದಾರೆ. ನಾಗರಹೊಳೆಯಲ್ಲಿ ಹುಲಿಗಳು ಉಳಿದಿರುವುದು ಸಣ್ಣ ಸಾಧನೆಯಲ್ಲ, ಒಪ್ಪೋಣ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯವಾಸಿಗಳಿಗೆ ಆಗಿರುವುದು ‘ಐತಿಹಾಸಿಕ ಅನ್ಯಾಯ’ ಎಂದು ತನ್ನ ಪೀಠಿಕೆಯಲ್ಲೇ ಒಪ್ಪಿಕೊಂಡಿದೆ. ಹಕ್ಕಿನ ಅರ್ಜಿಯನ್ನು ಮೊದಲು ಪರಿಶೀಲಿಸುವ ಅಧಿಕಾರ ಕೊಟ್ಟದ್ದು ಗ್ರಾಮಸಭೆಗೆ. ಈ ಕಾಯ್ದೆ ಹುಲಿ ಸಂರಕ್ಷಿತ ಪ್ರದೇಶಕ್ಕೂ ಅನ್ವಯಿಸುತ್ತೆ. ಆದರೂ 2025ರ ಮೇ ತಿಂಗಳಲ್ಲಿ, ನಾಗರಹೊಳೆಯ ಕೊಡಗು ಭಾಗದ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಜೇನುಕುರುಬ ಕುಟುಂಬಗಳು ತಾವಾಗೇ ಮರಳಿ ಬಂದು ಗುಡಿಸಲು ಹಾಕಬೇಕಾಯಿತು. ಅರಣ್ಯ ಇಲಾಖೆ ಅದನ್ನ ವಿರೋಧಿಸಿತು.

ಹಾಡನ್ನ ಬಿಡಿ ಅಂತ ಯಾರೂ ಹೇಳ್ತಿಲ್ಲ. ಅದರ ಒಂದಕ್ಷರವೂ ಬದಲಾಗಬೇಕಿಲ್ಲ. 1973ರಲ್ಲಿ ‘ನಮ್ಮ ಕಾಡು’ ಅಂದದ್ದು ಕಳ್ಳರ ಎದುರಿಗೆ; ಇವತ್ತು ಅದೇ ಮಾತು ಕಾಡಲ್ಲೇ ಹುಟ್ಟಿದವರ ಎದುರಿಗೆ ನಿಂತಿದೆ. ಈ ನವೆಂಬರ್‌ನಲ್ಲಿ ಕೋಟೆ ತಾಲ್ಲೂಕಿನ ವೇದಿಕೆ ಹತ್ತುವ ಶಾಸಕರು, ಅಧಿಕಾರಿಗಳನ್ನ ಒಂದು ಪ್ರಶ್ನೆ ಕೇಳಿ: ಹಾಡಿಗಳ ಅರಣ್ಯ ಹಕ್ಕು ಅರ್ಜಿಗಳಲ್ಲಿ ಎಷ್ಟು ಇತ್ಯರ್ಥವಾಗಿವೆ, ಎಷ್ಟು ತಿರಸ್ಕೃತವಾಗಿವೆ, ಯಾವ ಕಾರಣಕ್ಕೆ? ಆ ಲೆಕ್ಕ ಹೇಳಿದ ಮೇಲೆ ಮೈಕು ಹಾಕಲಿ.