ಟೊಮ್ಯಾಟೊ ತಿಂದ್ರೆ ಬರಲ್ವಂತೆ!

ಮೊನ್ನೆ ಭಾನುವಾರ ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಕೂತಿದ್ದೆ, ಮೊಬೈಲು ಟಣ್ ಅಂತು. ನಮ್ಮ ಮನೆತನದ ವಾಟ್ಸಪ್ ಗುಂಪು. ಪ್ರಾಸ್ಟೇಟ್ ಕ್ಯಾನ್ಸರ್ ಹತ್ತಿರವೂ ಸುಳಿಯದಂತೆ ಮಾಡುವ ಏಳು ಆಹಾರಗಳ ಪಟ್ಟಿ ಬಂದಿತ್ತು. ಟೊಮ್ಯಾಟೊ, ದಾಳಿಂಬೆ, ಕುಂಬಳಬೀಜ, ಅರಿಶಿನ, ಗ್ರೀನ್ ಟೀ, ಬ್ರೊಕೋಲಿ, ಅಕ್ರೋಟು. ಐದು ನಿಮಿಷದಲ್ಲಿ ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದ್ರು. (ಹೆಬ್ಬೆಟ್ಟು ಒತ್ತೋದು ಅಂದ್ರೆ ನಮ್ಮಲ್ಲಿ ಹಿಂದೆ ಬೇರೆ ಅರ್ಥ ಇತ್ತು, ಇರಲಿ.)

ಕಳಿಸಿದವರು ನಮ್ಮ ಚಿಕ್ಕಪ್ಪ. ವಯಸ್ಸು ಅರವತ್ತೆಂಟು. ರಾತ್ರಿ ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗ್ತಾರೆ, ಹೋದ್ರೆ ಹತ್ತು ನಿಮಿಷ ಹೊರಗೆ ಬರಲ್ಲ ಅಂತ ಚಿಕ್ಕಮ್ಮ ನನ್ನ ಹೆಂಡತಿ ಹತ್ತಿರ ಹೇಳಿದ್ದಾರೆ. ಚಿಕ್ಕಪ್ಪ ಮಾತ್ರ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಬಾಯಿ ಬಿಡೋ ಬದಲು ಪಟ್ಟಿ ಕಳಿಸಿದ್ದಾರೆ. ನೋಡಿ ನನಗೆ ಮೈಯೆಲ್ಲ ಉರಿದುಹೋಯ್ತು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನನ್ನ ಸೋದರಮಾವ ಹಾಸನದ ಹತ್ತಿರದ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದವರು. ಅವರ ಊಟದ ಕ್ರಮ ನೋಡಿದ್ರೆ ಈಗಿನ ಡಯಟೀಷಿಯನ್‌ಗಳು ಕಾಲಿಗೆ ಬೀಳಬೇಕು. ಬೆಳಗ್ಗೆ ಅಂಬಲಿ, ಮಧ್ಯಾಹ್ನ ಮುದ್ದೆ, ಸೊಪ್ಪಿನ ಬಸ್ಸಾರು ಇಲ್ಲವೇ ಹುರುಳಿಕಟ್ಟಿನ ಸಾರು, ರಾತ್ರಿ ಏಳೂವರೆಗೆಲ್ಲ ಊಟ ಮುಗಿದು ಅಂಗಳದಲ್ಲಿ ನಾಲ್ಕು ಸುತ್ತು. ಬೀಡಿ ಸಿಗರೇಟು ಮುಟ್ಟಿದವರಲ್ಲ, ಹೆಂಡದ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಅನ್ನೋ ಗಾದೆಯನ್ನು ನಮಗೆ ಬಾಯಿಪಾಠ ಮಾಡಿಸಿದ್ದೇ ಅವರು.

ಅರವತ್ತಾರರ ಹೊತ್ತಿಗೆ ಮೂತ್ರದ ತೊಂದರೆ ಶುರುವಾಯ್ತು. ಮಾವ ಡಾಕ್ಟರ ಹತ್ತಿರ ಹೋಗಲಿಲ್ಲ. ಬಾರ್ಲಿ ನೀರು ಕುಡಿದರು. ಆಮೇಲೆ ಬೂದುಗುಂಬಳದ ರಸ. ಆಮೇಲೆ ಯಾರೋ ಹೇಳಿದರು ಅಂತ ಕುಂಬಳಬೀಜ, ದಿನಕ್ಕೊಂದು ಹಿಡಿ. ಹೀಗೇ ಮೂರು ವರ್ಷ ಕಳೀತು. ಕೊನೆಗೆ ಬೆನ್ನು ನೋವು ಬಂತು. ಗೊಬ್ಬರದ ಮೂಟೆ ಎತ್ತಿದ್ದಕ್ಕೆ ಅಂದುಕೊಂಡು ಎಣ್ಣೆ ತಿಕ್ಕಿಸಿಕೊಂಡರು. ಎರಡು ತಿಂಗಳು ಬಿಟ್ಟು ಪರೀಕ್ಷೆ ಮಾಡಿಸಿದಾಗ ಪಿಎಸ್‌ಎ ನಾನೂರು ದಾಟಿತ್ತು. ಸಾಮಾನ್ಯವಾಗಿ ನಾಲ್ಕರ ಒಳಗಿದ್ದರೆ ಸಮಾಧಾನ ಅಂತಾರೆ. ಕ್ಯಾನ್ಸರ್ ಆಗಲೇ ಬೆನ್ನುಮೂಳೆಗೆ ಇಳಿದಿತ್ತು.

ಮೊದಲೇ ತೋರಿಸಿದ್ರೆ ಪೂರ್ತಿ ವಾಸಿಯಾಗ್ತಿತ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಆ ಮೂರು ವರ್ಷ ಕುಂಬಳಬೀಜ ಅಗೀತಾ ಕೂತಿದ್ದಕ್ಕಿಂತ ಖಂಡಿತ ಒಳ್ಳೇದಾಗ್ತಿತ್ತು.

ಈಗ ನಾನು ಹೇಳಬೇಕಾದ ಮಾತಿಗೆ ಬರ್ತೀನಿ. ಆಸ್ಪತ್ರೆಗೆ ನೋಡೋಕೆ ಬಂದವರೆಲ್ಲ ಮೊದಲು ಕೇಳ್ತಿದ್ದುದು ಒಂದೇ ಪ್ರಶ್ನೆ. "ಏನ್ ತಿಂತಿದ್ರು?" ಮಾವನ್ನ ಅಲ್ಲ, ಅತ್ತೆಯನ್ನ ಕೇಳ್ತಿದ್ರು! ಒಂದು ಸಂಜೆ ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬರೇ ಕೂತು ಅಳ್ತಿದ್ರು. "ಅಲ್ಯೂಮಿನಿಯಂ ಪಾತ್ರೇಲಿ ಮುದ್ದೆ ಮಾಡ್ತಿದ್ದೆ ಕಣಪ್ಪ, ಅದಕ್ಕೇ ಬಂತಾ? ಬೇಳೆ ಬೇಯಲಿ ಅಂತ ಒಂದೊಂದು ಸಲ ಸೋಡಾ ಹಾಕ್ತಿದ್ದೆ..." ನಲವತ್ತು ವರ್ಷ ಒಲೆ ಮುಂದೆ ಬೆಂದ ಹೆಂಗಸು ಗಂಡನ ಕಾಯಿಲೆಗೆ ತಾನೇ ಕಾರಣ ಅಂದ್ಕೊಂಡುಬಿಟ್ಟಿದ್ರು. ಊರಿಗೆ ಹೋದವರು ಮೊದಲು ಮಾಡಿದ ಕೆಲಸ ಆ ಪಾತ್ರೆಯನ್ನ ಗುಜರಿಗೆ ಹಾಕಿದ್ದು.

"ಇಂಥದು ತಿಂದ್ರೆ ಬರಲ್ಲ" ಅಂತ ನೀವು ಬರೆದಾಗ, ಬಂದವನಿಗೆ ಕೇಳಿಸೋದು "ನೀನು ಏನೋ ತಪ್ಪು ತಿಂದಿದ್ದೀಯ" ಅಂತ. ನಮ್ಮ ಮನೆಗಳಲ್ಲಿ ಅದು ಅಡುಗೆ ಮಾಡಿದವಳ ತಲೆ ಮೇಲೆ ಹೋಗಿ ಕೂರುತ್ತೆ. ಈ ಪಟ್ಟಿಗಳ ಬಗ್ಗೆ "ಏನೋ ಪಾಪ, ತರಕಾರಿ ತಿನ್ನಿ ಅಂತ ತಾನೇ ಹೇಳ್ತಾರೆ, ನಷ್ಟ ಏನು?" ಅನ್ನೋರಿಗೆ ನನ್ನ ಜವಾಬು ಇದೇ.

ಸರಿ, ಆ ಪಟ್ಟಿಯಾದರೂ ನಿಜವಾ? ಒಂದಷ್ಟು ಓದಿದೆ.

ಟೊಮ್ಯಾಟೊ ಕಥೆಯ ಮೂಲ 1995ರಲ್ಲಿದೆ. ಹಾರ್ವರ್ಡ್‌ನವರು ಸುಮಾರು 48 ಸಾವಿರ ಗಂಡಸರ ಊಟದ ಲೆಕ್ಕ ಇಟ್ಟು ನೋಡಿದರು. ಎಲ್ಲರೂ ದಂತವೈದ್ಯರು, ಪಶುವೈದ್ಯರು, ಔಷಧ ಅಂಗಡಿಯವರು, ಇಂಥ ವೃತ್ತಿಗಳವರೇ. ವಾರಕ್ಕೆ ಹತ್ತಕ್ಕಿಂತ ಹೆಚ್ಚು ಸಲ ಟೊಮ್ಯಾಟೊ ಪದಾರ್ಥ ತಿಂದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 35ರಷ್ಟು ಕಡಿಮೆ ಕಂಡಿತು. ಆ ಪದಾರ್ಥಗಳಲ್ಲಿ ಪಿಜ್ಜಾ ಕೂಡ ಇತ್ತು! ಅದನ್ನು ಯಾವ ಪಟ್ಟಿಯವರೂ ಹೇಳಲ್ಲ ನೋಡಿ :) ಬೇಯಿಸಿದ ಟೊಮ್ಯಾಟೊದಿಂದ ಲೈಕೋಪೀನ್ ಅನ್ನೋ ಕೆಂಪು ಅಂಶ ಮೈಗೆ ಚೆನ್ನಾಗಿ ಹತ್ತುತ್ತೆ ಅನ್ನೋದೂ ನಿಜ. ಹಾಗಾದ್ರೆ ದಿನಾ ತಿಳಿಸಾರು ಸುರಿದುಕೊಂಡು ಉಣ್ಣೋ ನಾವು ಗೆದ್ದೆವು ಅನ್ನಬೇಕು! ಆದರೆ ಟೊಮ್ಯಾಟೊ ಹೆಚ್ಚು ತಿನ್ನೋರು ಬೇರೆ ವಿಷಯದಲ್ಲೂ ಹುಷಾರಾಗಿ ಬದುಕೋರು ಇರಬಹುದಲ್ಲ? ಲೆಕ್ಕ ಎಷ್ಟು ಸರಿಪಡಿಸಿದರೂ ಆ ಅನುಮಾನ ಪೂರ್ತಿ ಹೋಗಲ್ಲ. ಅಮೆರಿಕದ ಎಫ್‌ಡಿಎ ಬಂದ ಅಧ್ಯಯನಗಳನ್ನೆಲ್ಲ ಜಾಲಿಸಿ ನೋಡಿತು. ಲೈಕೋಪೀನ್ ಕ್ಯಾನ್ಸರ್ ತಡೆಯುತ್ತೆ ಅನ್ನೋದಕ್ಕೆ ನಂಬುವಂಥ ಪುರಾವೆ ಇಲ್ಲ, ಟೊಮ್ಯಾಟೊಗೆ ಇರೋದು ತೀರಾ ಅಲ್ಪ ಅಂತ 2007ರಲ್ಲಿ ಪ್ರಕಟಿಸಿತು.

ದಾಳಿಂಬೆಯದು ಇನ್ನೂ ಮಜವಾಗಿದೆ. ಅಮೆರಿಕದ ಪಾಮ್ ವಂಡರ್‌ಫುಲ್ ಕಂಪನಿಯ ಜಾಹೀರಾತುಗಳು ದಾಳಿಂಬೆ ರಸದಿಂದ ಹೃದಯರೋಗ, ಪ್ರಾಸ್ಟೇಟ್ ಕ್ಯಾನ್ಸರ್, ಗಂಡಸುತನದ ತೊಂದರೆ ಎಲ್ಲಕ್ಕೂ ಪರಿಹಾರ ಅನ್ನೋ ಭಾವನೆ ಹುಟ್ಟಿಸುತ್ತಿವೆ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ದಾವೆ ಹೂಡಿತು. 2013ರಲ್ಲಿ ಕಮಿಷನ್ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಕಂಪನಿ ಮೇಲ್ಮನವಿ ಹೋಯಿತು, 2015ರಲ್ಲಿ ಅಲ್ಲೂ ಸೋತಿತು. 2016ರಲ್ಲಿ ಸುಪ್ರೀಂ ಕೋರ್ಟು ಕೇಸನ್ನೇ ತೆಗೆದುಕೊಳ್ಳಲಿಲ್ಲ. ಅಲ್ಲಿ ಕೋರ್ಟು ನಿಲ್ಲಿಸಿದ ಮಾತು ಇಲ್ಲಿ ನಮ್ಮ ಚಿಕ್ಕಪ್ಪನ ಮೊಬೈಲಲ್ಲಿ ಪುಕ್ಕಟೆ ಓಡಾಡ್ತಿದೆ.

ಎಲ್ಲಕ್ಕಿಂತ ನನ್ನ ಕಣ್ಣು ತೆರೆಸಿದ್ದು 'ಸೆಲೆಕ್ಟ್' ಅನ್ನೋ ಪ್ರಯೋಗ. ಅದಕ್ಕೂ ಮೊದಲಿನ ಎರಡು ಅಧ್ಯಯನಗಳಲ್ಲಿ ವಿಟಮಿನ್ ಇ ಮತ್ತು ಸೆಲೆನಿಯಂ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ ಕಂಡಿತ್ತು. ಎಲ್ಲರಿಗೂ ಆಸೆ ಚಿಗುರಿತು. 2001ರಲ್ಲಿ 35 ಸಾವಿರಕ್ಕೂ ಹೆಚ್ಚು ಗಂಡಸರನ್ನು ಸೇರಿಸಿ ಶುರುಮಾಡಿದರು. ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಸೆಲೆನಿಯಂ, ಕೆಲವರಿಗೆ ಎರಡೂ, ಉಳಿದವರಿಗೆ ಬರೀ ಸಪ್ಪೆ ಮಾತ್ರೆ. ಯಾರಿಗೆ ಯಾವುದು ಅಂತ ಅವರಿಗೇ ಗೊತ್ತಿಲ್ಲ. 2008ರಲ್ಲಿ ನೋಡಿದರೆ ಏನೂ ಉಪಯೋಗ ಇಲ್ಲ, ಮಾತ್ರೆ ನಿಲ್ಲಿಸಿದರು. ಆದರೂ ಆ ಗಂಡಸರ ಮೇಲೆ ಕಣ್ಣಿಟ್ಟಿದ್ದರು. 2011ರಲ್ಲಿ ಬಂದ ಲೆಕ್ಕ ಏನು ಗೊತ್ತಾ? ಬರೀ ವಿಟಮಿನ್ ಇ ನುಂಗಿದವರಲ್ಲಿ ಕ್ಯಾನ್ಸರ್ ಶೇ. 17ರಷ್ಟು ಜಾಸ್ತಿ! ಏಳು ವರ್ಷದಲ್ಲಿ ಸಪ್ಪೆ ಮಾತ್ರೆಯ ಸಾವಿರ ಜನರಲ್ಲಿ 65 ಮಂದಿಗೆ ಬಂದರೆ, ವಿಟಮಿನ್ ಇ ತಗೊಂಡ ಸಾವಿರದಲ್ಲಿ 76 ಮಂದಿಗೆ. ಒಳ್ಳೇದು ಅಂತ ನುಂಗಿದ್ದೇ ಕೆಡುಕಾಯ್ತು. ಇಷ್ಟಾದರೂ ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ವಿಟಮಿನ್ ಇ ಗುಳಿಗೆ ಪಟ್ಟಿಗಟ್ಟಲೆ ತರೋರು ನಮ್ಮಲ್ಲಿ ಎಷ್ಟಿಲ್ಲ?

"ಮಾತ್ರೆ ಬೇಡ ಸ್ವಾಮಿ, ಸಾಕ್ಷಾತ್ ತರಕಾರಿ ತಿಂದ್ರೆ?" ಅದನ್ನೂ ನೋಡಿದ್ದಾರೆ. ಆರಂಭದ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ, ಚಿಕಿತ್ಸೆ ಶುರುಮಾಡದೆ ಬರೀ ನಿಗಾ ಇಟ್ಟಿದ್ದ 478 ಗಂಡಸರಲ್ಲಿ ಅರ್ಧ ಜನಕ್ಕೆ ಎರಡು ವರ್ಷ ಫೋನ್ ಮಾಡಿ ಮಾಡಿ ಹೆಚ್ಚು ತರಕಾರಿ ತಿನ್ನಿಸಿದರು. ಪಾಪ, ನಿಜವಾಗಿಯೂ ತಿಂದರು. 2020ರಲ್ಲಿ ಫಲಿತಾಂಶ ಬಂತು, ಕಾಯಿಲೆ ಮುಂದುವರಿಯೋದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಹಾಗಂತ ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳ್ತಿಲ್ಲ, ತಪ್ಪು ತಿಳೀಬೇಡಿ. ಜಪಾನಿನಲ್ಲಿ ಈ ಕ್ಯಾನ್ಸರ್ ತೀರಾ ಕಡಿಮೆ ಇದ್ದ ಕಾಲದಲ್ಲಿ ಹವಾಯಿಗೂ ಕ್ಯಾಲಿಫೋರ್ನಿಯಾಗೂ ಹೋಗಿ ನೆಲೆಸಿದ ಜಪಾನೀಯರಲ್ಲಿ ಒಂದೆರಡು ತಲೆಮಾರಿನಲ್ಲೇ ಅದು ಏರಿತು. ಬದುಕುವ ರೀತಿಯಲ್ಲಿ ಏನೋ ಇದೆ ಅನ್ನೋದಕ್ಕೆ ಅದು ಸಾಕ್ಷಿ. ಬೊಜ್ಜು ಇದ್ದವರಿಗೆ ಬಲಿತ, ಹರಡುವ ಜಾತಿಯ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು ಅನ್ನೋದಕ್ಕೆ ಗಟ್ಟಿ ಆಧಾರ ಇದೆ. ಇನ್ನೊಂದು ವಿಷಯ: ಆರಂಭದ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಇರೋ ಗಂಡಸರಲ್ಲಿ ಹೆಚ್ಚಿನವರು ಸಾಯೋದು ಅದರಿಂದಲ್ಲ, ಹೃದಯದ ಕಾಯಿಲೆಯಂಥ ಬೇರೆ ಕಾರಣಗಳಿಂದ. ಆದ್ದರಿಂದ ಕರಿದಿದ್ದು ಕಡಿಮೆ ಮಾಡಿ, ಸೊಪ್ಪು ತಿನ್ನಿ, ಹೊಟ್ಟೆ ಇಳಿಸಿ, ನಡೀರಿ. ಯಾರು ಬೇಡ ಅಂದ್ರು? ಆದರೆ ಅದು ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಒಟ್ಟು ಮೈಗೆ. ಯಾವ ಒಂದು ಕಾಯೂ ಯಾವ ಒಂದು ಗ್ರಂಥಿಗೂ ಕಾವಲುಗಾರ ಅಲ್ಲ. ಈ ಕ್ಯಾನ್ಸರಿನ ದೊಡ್ಡ ಕಾರಣಗಳು ಎರಡು, ವಯಸ್ಸು ಮತ್ತು ವಂಶ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಇವೆರಡನ್ನೂ ಬಸ್ಸಾರು ಬದಲಾಯಿಸಲ್ಲ.

ವಿಚಿತ್ರ ಅಂದ್ರೆ ಮಾವನಿಗೆ ಊಟ ನಿಜವಾಗಿ ಬೇಕಾಗಿದ್ದು ಕಾಯಿಲೆ ಬಂದ ಮೇಲೆ. ಟೆಸ್ಟೋಸ್ಟೆರಾನ್ ತಗ್ಗಿಸೋ ಇಂಜೆಕ್ಷನ್ ಮೂರು ತಿಂಗಳಿಗೊಂದು. ಅದರಿಂದ ಮೂಳೆ ಸವೆಯುತ್ತೆ, ತೂಕ ಏರುತ್ತೆ, ಸಕ್ಕರೆ ಹೆಚ್ಚಾಗುತ್ತೆ. ಡಾಕ್ಟರು "ರಾಗಿ ಬಿಡಬೇಡಿ ಮೇಷ್ಟ್ರೇ, ಆದಷ್ಟು ನಡೀರಿ" ಅಂದ್ರು. ಅತ್ತೆ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂಚೂರು ಗೆಲುವು ಕಂಡಿದ್ದು ಆವತ್ತೇ. ಹೊಸ ಪಾತ್ರೆಯಲ್ಲಿ ಮತ್ತೆ ಮುದ್ದೆ ಬೆಂದಿತು. ನಾಲ್ಕು ವರ್ಷ ಇದ್ದರು ಮಾವ.

ಒಮ್ಮೆ ಕೇಳಿಯೇಬಿಟ್ಟಿದ್ದೆ, "ಮೂರು ವರ್ಷ ಯಾಕೆ ಸುಮ್ಮನಿದ್ರಿ ಮಾವ?" ಅಂತ. "ಲೋ, ಅದನ್ನೆಲ್ಲಾ ಹೆಂಗೋ ಹೇಳೋದು..." ಅಂದ್ರು. ಮೂವತ್ತೈದು ವರ್ಷ ಕನ್ನಡ ಪಾಠ ಮಾಡಿದ ಮನುಷ್ಯ! ಗಾದೆಯ ಮೊದಲರ್ಧ ಬಲ್ಲವರಾಗಿದ್ದರು, ಎರಡನೇ ಅರ್ಧ ಬೇಕಾದಾಗ ಬಾಯಿಗೆ ಬರಲಿಲ್ಲ. ರಾತ್ರಿ ಪದೇ ಪದೇ ಏಳೋದು ಬಹಳಷ್ಟು ಸಲ ಕ್ಯಾನ್ಸರ್ ಅಲ್ಲ, ವಯಸ್ಸಾದ ಮೇಲೆ ಆ ಗ್ರಂಥಿ ಸುಮ್ಮನೆ ಊದಿಕೊಳ್ಳೋದು, ಅದಕ್ಕೆ ಮಾತ್ರೆ ಇದೆ. ಕ್ಯಾನ್ಸರ್ ಆದರೋ ಮೊದಮೊದಲು ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸಲ್ಲ. ಎರಡರಲ್ಲಿ ಯಾವುದು ಅಂತ ಕುಂಬಳಬೀಜಕ್ಕೆ ಗೊತ್ತಾಗಲ್ಲ, ಡಾಕ್ಟರಿಗೆ ಗೊತ್ತಾಗುತ್ತೆ. ಪಿಎಸ್‌ಎ ಎಲ್ಲರೂ ಮಾಡಿಸಬೇಕಾ ಅನ್ನೋದರಲ್ಲಿ ವೈದ್ಯರಲ್ಲೇ ಜಗಳ ಇದೆ, ಬೇಡದ ಚಿಕಿತ್ಸೆಗೆ ದಾರಿಯಾಗುತ್ತೆ ಅಂತ. ಆ ಜಗಳವನ್ನೂ ಡಾಕ್ಟರ ಎದುರಿಗೇ ಕೂತು ಆಡಿ. ಮಾವನ ಮಗನಿಗಂತೂ ನಾನು ಬೆನ್ನು ಬಿದ್ದಿದ್ದೇನೆ, ಅವನಿಗೆ ನಲವತ್ತೈದು ಆಯ್ತು.

ಬ್ಲಾಗು ಬರೆಯೋ ಗೆಳೆಯರೇ, ನಿಮ್ಮಲ್ಲೂ ಕೆಲವರು ಇಂಥ ಪಟ್ಟಿ ಹಾಕಿದ್ದೀರಿ. ನಾನೂ ಹಿಂದೊಮ್ಮೆ ಹಾಕಿದ್ದೆ, ಅಳಿಸಿದ್ದೇನೆ. ಹಿಟ್ಸ್ ಚೆನ್ನಾಗಿ ಬರುತ್ತೆ, ಗೊತ್ತು. ಮುಂದಿನ ಸಲ ಬರೆಯುವಾಗ ಅತ್ತೆ ಆ ಮೆಟ್ಟಿಲ ಮೇಲೆ ಕೂತಿದ್ದನ್ನ ನೆನಪಿಸಿಕೊಂಡು ಬರೀರಿ.

ಚಿಕ್ಕಪ್ಪನಿಗೆ ಗುಂಪಲ್ಲಿ ಉತ್ತರ ಹಾಕಲಿಲ್ಲ, ಫೋನ್ ಮಾಡಿದೆ. ಮಳೆ, ಅಡಿಕೆ ರೇಟು ಎಲ್ಲ ಆದ ಮೇಲೆ ಕೇಳಿದೆ. ತುಂಬಾ ಹೊತ್ತು ಸದ್ದಿಲ್ಲ, ಲೈನ್ ಕಟ್ಟಾಯ್ತೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ, "ಶನಿವಾರ ಬರ್ತೀಯಾ? ಚಿಕ್ಕಮ್ಮನಿಗೆ ಬ್ಯಾಂಕಿಗೆ ಅಂತ ಹೇಳಿರ್ತೀನಿ" ಅಂದ್ರು.