ಮನೆಯ ಜಗಳವೂ ಹೊರಗಿನವರ ಮಾತೂ

ಅಣ್ಣತಮ್ಮಂದಿರ ವ್ಯಾಜ್ಯವನ್ನು ತೀರಿಸಲು ಬಂದ ನೆರೆಯವನು ಕಣಜದ ಬೀಗದಕೈಯನ್ನೇ ಕೊಂಡೊಯ್ದರೆ ಮನೆಯವರ ಗತಿಯೇನು? ಹಾಗೆಂದು ಅಂಜಿ, ಅವನು ಆಡಿದ ನಿಜವಾದ ಮಾತಿಗೂ ಕಿವಿ ಮುಚ್ಚಿಕೊಳ್ಳಬಹುದೇ? ಸರ್ಕಾರಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಕಾಶ್ಮೀರವನ್ನು ಕುರಿತು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯು ೨೦೧೮ನೆಯ ಜೂನ್ ತಿಂಗಳಲ್ಲಿ ಪ್ರಕಟಿಸಿದ ವರದಿಯನ್ನು ಭಾರತ ಸರ್ಕಾರವು ದುರುದ್ದೇಶದಿಂದ ಕೂಡಿದುದೆಂದು ತಳ್ಳಿಹಾಕಿತು. ಇದಕ್ಕೆ ಹತ್ತಿರದ ಪ್ರಸಂಗವೊಂದು ನಮ್ಮ ಮಲೆನಾಡಿನಲ್ಲಿಯೇ ಹಿಂದೆ ನಡೆದಿರುವುದರಿಂದ ಅದನ್ನು ವಾಚಕರ ಮುಂದಿಡುತ್ತೇವೆ.

ಅರಳಸುರಳಿಯ ಸುತ್ತಣ ಸೀಮೆಯು ಆಗ ನಗರದ ಫೌಜುದಾರಿಗೆ ಸೇರಿದ್ದಿತು. ಇಷ್ಟು ಹಣವನ್ನು ಎತ್ತಿ ಕೊಡುವೆವೆಂದು ಅಧಿಕಾರಿಗಳು ಮೊದಲೇ ಒಪ್ಪಿಕೊಳ್ಳುವ ‘ಶರತ್ತಿ’ನ ಪದ್ಧತಿಯು ಮೈಸೂರು ಸಂಸ್ಥಾನದಲ್ಲಿ ನಡೆಯುತ್ತಿದ್ದಿತು. ಕಡಮೆ ಬಿದ್ದುದನ್ನು ಅಧಿಕಾರಿಯೇ ತುಂಬಬೇಕಾದುದರಿಂದ ಆ ಭಾರವೆಲ್ಲ ರೈತನ ಬೆನ್ನಿಗೇ ಇಳಿಯುತ್ತಿದ್ದಿತು. ೧೮೨೫ರಲ್ಲಿ ಮದರಾಸಿನ ಗವರ್ನರ್ ಸರ್ ತಾಮಸ್ ಮನ್ರೋ ಮೈಸೂರಿಗೆ ಬಂದು, ಆಡಳಿತವು ತಿದ್ದಿಕೊಳ್ಳದಿದ್ದರೆ ಕಂಪನಿಯೇ ಕೈಹಾಕುವುದೆಂದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಎಚ್ಚರಿಕೆ ಕೊಟ್ಟನು. ಆ ಮಾತಿಗೆ ತಕ್ಕ ಫಲ ಕಾಣಲಿಲ್ಲ. ೧೮೩೦ರಲ್ಲಿ ನಗರದ ರೈತರು ಕೂಟ ಕೂಡಿ ಕಂದಾಯ ಕೊಡದೆ ನಿಂತರು. ಬೂದಿ ಬಸವಪ್ಪನೆಂಬವನು ತಾನೇ ಬಿದನೂರಿನ ದೊರೆಯೆಂದು ಸಾರಿಕೊಂಡನು. ಅರಸರ ದಂಡಿನಿಂದ ದಂಗೆ ಅಡಗದಿರಲು ಕಂಪನಿಯ ಸೈನ್ಯವು ಬಂದು ೧೮೩೧ರಲ್ಲಿ ನಗರದ ಕೋಟೆಯನ್ನು ಹಿಡಿಯಿತು.

ಅನಂತರ ಗವರ್ನರ್ ಜನರಲ್ ಬೆಂಟಿಂಕನು ೧೭೯೯ರ ಒಪ್ಪಂದವನ್ನು ಮುಂದಿಟ್ಟು ೧೮೩೧ನೆಯ ಅಕ್ಟೋಬರಿನಲ್ಲಿ ರಾಜ್ಯದ ಆಡಳಿತವನ್ನೇ ವಹಿಸಿಕೊಂಡನು. ತಾನು ಮಾಡಿದುದು ಆ ಒಪ್ಪಂದಕ್ಕೆ ಸರಿಹೊಂದುವುದೇ ಎಂಬ ಸಂದೇಹವು ಮುಂದೆ ಅವನಿಗೇ ಹುಟ್ಟಿತು. ಆದರೂ ಕಂಪನಿಯು ರಾಜ್ಯವನ್ನು ಹಿಂದಿರುಗಿಸಲಿಲ್ಲ. ಮಹಾರಾಜರು ಬರೆದ ಮನವಿಗಳಿಂದಲೂ ಆಡಳಿತವು ಅವರ ಕೈಗೆ ಮರಳದೆ, ೧೮೬೮ರಲ್ಲಿ ಅವರು ತೀರಿಕೊಂಡರು. ೧೮೮೧ರಲ್ಲಿ ರಾಜ್ಯವು ಅವರ ದತ್ತುಪುತ್ರರ ಕೈಸೇರುವ ಹೊತ್ತಿಗೆ ಐವತ್ತು ವರ್ಷಗಳು ಸಂದಿದ್ದವು.

ಇಲ್ಲಿ ಯಾರ ಪಕ್ಷವನ್ನು ಹಿಡಿಯೋಣ? ಕಂಪನಿಯು ನಿಸ್ವಾರ್ಥಿಯಾಗಿರಲಿಲ್ಲ, ಆದರೆ ರೈತನ ಗೋಳು ಕಂಪನಿಯು ಕಟ್ಟಿದ ಕಥೆಯೂ ಆಗಿರಲಿಲ್ಲ. ೧೮೩೩ರ ವಿಚಾರಣೆಯ ಮಂಡಲಿಯೂ ಆ ಗೋಳನ್ನು ಕಂಡಿತು. ಕಮಿಷನರ್ ಕಬ್ಬನನ ಕಾಲದಲ್ಲಿ ೭೦೦ಕ್ಕೂ ಮೇಲ್ಪಟ್ಟ ಚಿಲ್ಲರೆ ತೆರಿಗೆಗಳು ರದ್ದಾದುದನ್ನು ನೋಡಿದರೆ, ರೈತನ ಮೇಲೆ ಎಷ್ಟು ಹೊರೆಯಿದ್ದಿತೆಂಬುದು ಯಾರಿಗಾದರೂ ತಿಳಿಯುವುದು. ಅದನ್ನು ಅರಸರೇ ಇಳಿಸಿದ್ದರೆ ಕಂಪನಿಗೆ ನೆವವೆಲ್ಲಿ ದೊರೆಯುತ್ತಿದ್ದಿತು?

ದೇಶದ ಒಳಸಂಗತಿಯಲ್ಲಿ ಹೊರಗಿನವರು ಕೈಹಾಕಬಾರದೆಂಬುದು ನ್ಯಾಯವೇ ಸರಿ. ೧೯೪೫ರ ವಿಶ್ವಸಂಸ್ಥೆಯ ಸನ್ನದೂ ಅದನ್ನು ಒಪ್ಪಿದೆ. ಆದರೆ ಹೇಳಿದವನು ಯಾರೆಂದು ಕೇಳುವುದರೊಂದಿಗೆ, ಹೇಳಿದುದು ನಿಜವೇ ಎಂದೂ ಕೇಳಬೇಕಷ್ಟೆ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನೇ ಹಿಡಿದು ಕೂತರೆ ನಷ್ಟವು ಮನೆಯವರದೇ. ಒಳಗಿನವರ ದೂರನ್ನು ಸಕಾಲದಲ್ಲಿ ಕೇಳುವ ಯಜಮಾನನ ಬಾಗಿಲಿಗೆ ನೆರೆಯವನು ನ್ಯಾಯ ಹೇಳಲು ಬರುವ ಪ್ರಮೇಯವು ಅಪರೂಪವೆಂದು ನಾವು ನಂಬುತ್ತೇವೆ.